ಬಂಡಾಯವಿರುವ ಪ್ರದೇಶದಲ್ಲಿ ಬೇಸಾಯಕ್ಕೆ ನಿಜವಾದ ಪೆಟ್ಟು ಬೀಳುವುದು ಎಲ್ಲಿ?

ಮುಂಗಾರು (ಪ್ರಶ್ನೆ):

ಸಶಸ್ತ್ರ ಬಂಡಾಯ ನಡೆಯುವ ಪ್ರದೇಶಗಳ ವರದಿಗಳಲ್ಲಿ ಸತ್ತವರ, ಊರು ಬಿಟ್ಟವರ ಲೆಕ್ಕ ಸಿಗುತ್ತದೆ. ಅಲ್ಲಿಯೇ ಉಳಿದು ಉಳುಮೆ ಮುಂದುವರಿಸಿದವರ ಸ್ಥಿತಿಯ ಬಗ್ಗೆ ಓದಲು ಸಿಗುವುದು ಅಪರೂಪ. ಸುಟ್ಟ ಪೈರು, ಲೂಟಿಯಾದ ಕಣಜ ಕಣ್ಣಿಗೆ ಕಾಣುವ ನಷ್ಟ. ಆದರೆ ಶಾಂತಿ ಒಪ್ಪಂದವಾಗಿ ಹಲವು ವರ್ಷ ಕಳೆದರೂ ಗ್ರಾಮೀಣ ಆದಾಯ ಚೇತರಿಸಿಕೊಳ್ಳದಿರುವುದನ್ನು ನೋಡಿದರೆ, ನಷ್ಟದ ದೊಡ್ಡ ಪಾಲು ಬೇರೆಲ್ಲೋ ಇರಬೇಕು ಎನಿಸುತ್ತದೆ. ಅದು ಯಾವುದು, ಹೇಗೆ ಉಂಟಾಗುತ್ತದೆ ಎಂಬುದನ್ನು ಬಲ್ಲವರು ವಿವರಿಸುವಿರಾ?

ಹೊಲದಂಚು:

ನಿಮ್ಮ ಊಹೆ ಸರಿಯಾಗಿದೆ. ದಾಳಿಯೇ ನಡೆಯದ ವರ್ಷದಲ್ಲಿಯೂ ದಾಳಿಯ ಭಯವು ರೈತ ಏನು ಬಿತ್ತಬೇಕು, ಎಷ್ಟು ದೂರದ ಹೊಲಕ್ಕೆ ಹೋಗಬೇಕು, ಎಷ್ಟು ಹಣ ಹೂಡಬೇಕು ಎಂಬುದನ್ನೆಲ್ಲ ತೀರ್ಮಾನಿಸುತ್ತದೆ. ಇದರಿಂದಾಗುವ ನಷ್ಟ ಯಾವ ಪರಿಹಾರದ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಫಲ ಕೊಡಲು ಮೂರು ನಾಲ್ಕು ವರ್ಷ ತೆಗೆದುಕೊಳ್ಳುವ ಕಾಫಿ, ಕೋಕೋ ಗಿಡಗಳನ್ನು ನಾಳೆ ಊರಲ್ಲಿರುತ್ತೇವೋ ಇಲ್ಲವೋ ತಿಳಿಯದವರು ನೆಡುವುದಿಲ್ಲ. 1964ರಿಂದ 2016ರ ಒಪ್ಪಂದದವರೆಗೆ ಫಾರ್ಕ್ ಬಂಡುಕೋರರು ಹೋರಾಡಿದ ಕೊಲಂಬಿಯಾದಲ್ಲಿ, ಸಶಸ್ತ್ರ ಗುಂಪುಗಳು ಬಹುಕಾಲ ಬೀಡುಬಿಟ್ಟಿದ್ದ ಕಡೆ ಸಣ್ಣ ಹಿಡುವಳಿದಾರರು ಇಂಥ ಬಹುವಾರ್ಷಿಕ ಬೆಳೆಗಳನ್ನು ಕಡಿಮೆ ಮಾಡಿ, ಬೇಗ ಕೈಗೆ ಬರುವ ಬೆಳೆ ಮತ್ತು ಹುಲ್ಲುಗಾವಲಿನತ್ತ ತಿರುಗಿದ್ದನ್ನು ಅಧ್ಯಯನಗಳು ದಾಖಲಿಸಿವೆ. ಆಫ್ರಿಕಾದ ಹಲವು ಸಂಘರ್ಷಪೀಡಿತ ಪ್ರದೇಶಗಳಲ್ಲಿ ಜನ ಮರಗೆಣಸನ್ನು ನೆಚ್ಚಿಕೊಂಡಿರುವುದಕ್ಕೂ ಇದೇ ಕಾರಣ. ಅದನ್ನು ಕಣಜಕ್ಕೆ ತುಂಬಬೇಕಿಲ್ಲ. ಒಂದೆರಡು ವರ್ಷ ನೆಲದೊಳಗೇ ಬಿಟ್ಟು ಬೇಕಾದಾಗ ಅಗೆದುಕೊಳ್ಳಬಹುದು, ಬಂದವರಿಗೆ ಸುಡುವುದೂ ಹೊತ್ತೊಯ್ಯುವುದೂ ಕಷ್ಟ. ಹೊಟ್ಟೆ ತುಂಬುತ್ತದೆ, ಕೈಗೆ ಕಾಸು ಬರುವುದಿಲ್ಲ. ಜಾನುವಾರುಗಳ ವಿಷಯ ಇದಕ್ಕೆ ತದ್ವಿರುದ್ಧ: ಕಷ್ಟಕಾಲದ ಉಳಿತಾಯವೂ ಅವೇ, ಎಲ್ಲಕ್ಕಿಂತ ಸುಲಭವಾಗಿ ಹೊಡೆದುಕೊಂಡು ಹೋಗಬಹುದಾದ ಸಂಪತ್ತೂ ಅವೇ. ಆದ್ದರಿಂದ ಕಳೆದುಕೊಳ್ಳುವ ಮೊದಲೇ ಅಗ್ಗಕ್ಕೆ ಮಾರಿಬಿಡುತ್ತಾರೆ, ಉಳುವ ಎತ್ತೂ ಗೊಬ್ಬರವೂ ಒಟ್ಟಿಗೆ ಹೋಗುತ್ತವೆ.

ವಸೂಲಿಯದು ಇನ್ನೊಂದು ಬಗೆ. ಸೊಮಾಲಿಯಾದ ಬಂಡುಕೋರ ಗುಂಪು ಅಲ್-ಶಬಾಬ್ ಬೆಳೆ ಮತ್ತು ಜಾನುವಾರುಗಳ ಮೇಲೆ ಜಕಾತ್ (ಇಸ್ಲಾಮಿನ ಕಡ್ಡಾಯ ದಾನ) ಹೆಸರಿನಲ್ಲಿ ವಸೂಲಿ ಮಾಡುತ್ತದೆ, ರಸ್ತೆಯಲ್ಲಿ ಲಾರಿಗಳನ್ನು ತಡೆದು ಸುಂಕ ಪಡೆದು ರಸೀದಿಯನ್ನೂ ಕೊಡುತ್ತದೆ. ಕೇಳುವವರು ಒಬ್ಬರೇ ಆಗಿದ್ದು ದರ ಮೊದಲೇ ಗೊತ್ತಿದ್ದರೆ ರೈತ ಹೇಗೋ ಹೊಂದಿಕೊಳ್ಳುತ್ತಾನೆ. ಎರಡು ಮೂರು ಗುಂಪುಗಳು ಕೈಚಾಚುವ ಕಡೆ, ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ದ್ರೋಹವೆಂದು ಕಾಣುವ ಕಡೆ, ಹೆಚ್ಚು ಬೆಳೆಯುವುದೇ ಅಪಾಯಕಾರಿ.

ಗಡಿಕಲ್ಲು:

ಮೇಲಿನ ಉತ್ತರವನ್ನು ಒಪ್ಪುತ್ತೇನಾದರೂ ಅದು ಒಂದು ಪಕ್ಷವನ್ನಷ್ಟೇ ನೋಡುತ್ತಿದೆ. ಬಂಡಾಯವನ್ನು ಹತ್ತಿಕ್ಕಲು ಸರ್ಕಾರ ಕೈಗೊಳ್ಳುವ ಕ್ರಮಗಳೂ ಬೇಸಾಯವನ್ನು ಕೆಡಿಸುತ್ತವೆ. 2009ರಲ್ಲಿ ಬೊಕೊ ಹರಾಮ್ ಬಂಡಾಯ ಭುಗಿಲೆದ್ದ ಈಶಾನ್ಯ ನೈಜೀರಿಯಾದ ಬೊರ್ನೊ ರಾಜ್ಯದಲ್ಲಿ, ಆಳೆತ್ತರದ ಪೈರಿನ ಮರೆಯಲ್ಲಿ ಬಂಡುಕೋರರು ಅಡಗುತ್ತಾರೆಂಬ ಕಾರಣಕ್ಕೆ ರಸ್ತೆ ಹಾಗೂ ಊರುಗಳ ಸಮೀಪ ಜೋಳ, ಸಜ್ಜೆ, ಮೆಕ್ಕೆಜೋಳ ಬೆಳೆಯುವುದಕ್ಕೆ ನಿರ್ಬಂಧ ಬಂತು. ಸ್ಫೋಟಕ ತಯಾರಿಕೆಗೆ ಬಳಕೆಯಾಗುತ್ತದೆಂದು ಯೂರಿಯಾ ಮಾರಾಟಕ್ಕೂ ತಡೆ ಬಿತ್ತು. ಹೀಗೆ ದೂರದ ಹೊಲಕ್ಕೆ ಹೋಗುವಂತಿಲ್ಲ, ಹತ್ತಿರದ ಹೊಲದಲ್ಲಿ ಮುಖ್ಯ ಆಹಾರಧಾನ್ಯವನ್ನೇ ಬೆಳೆಯುವಂತಿಲ್ಲ. ಧೈರ್ಯಮಾಡಿ ಹೋದವರಿಗೆ ಏನಾಗಬಹುದು ಎಂಬುದನ್ನು 2020ರ ನವೆಂಬರ್‌ನಲ್ಲಿ ಜಬರ್ಮಾರಿ ಬಳಿಯ ಭತ್ತದ ಗದ್ದೆಗಳಲ್ಲಿ ಹತ್ತಾರು ಕೂಲಿಕಾರರ ಹತ್ಯೆ ತೋರಿಸಿತು.

ಜನರನ್ನೇ ಸ್ಥಳಾಂತರಿಸುವ ಕ್ರಮ ಇನ್ನೂ ಹಳೆಯದು. ಇಂದಿನ ಮಲೇಷ್ಯಾದ ಭಾಗವಾದ ಮಲಯಾದಲ್ಲಿ ಬ್ರಿಟಿಷರು 1950ರಿಂದ ಸುಮಾರು 5 ಲಕ್ಷ ಜನರನ್ನು ಬೇಲಿ ಹಾಕಿದ ಹೊಸ ಹಳ್ಳಿಗಳಿಗೆ ಸಾಗಿಸಿದರು. ಮಿಜೋರಾಂನಲ್ಲಿ 1967ರಿಂದ ಚದುರಿದ ಹಳ್ಳಿಗಳನ್ನು ರಸ್ತೆಬದಿಯಲ್ಲಿ ಒಟ್ಟುಗೂಡಿಸಿದಾಗ, ಗುಡ್ಡಗಳ ಝೂಮ್ ಬೇಸಾಯದ (ಕಾಡು ಕಡಿದು ಸುಟ್ಟು ಸ್ಥಳ ಬದಲಿಸುತ್ತ ಮಾಡುವ ಬೇಸಾಯ) ನೆಲ ದೂರವಾಯಿತು. ಕರ್ಫ್ಯೂವಿನಿಂದಾಗಿ ಹೊಲದಲ್ಲಿ ಕಳೆಯುವ ಹೊತ್ತು ಕುಗ್ಗಿ, ಸ್ವತಂತ್ರವಾಗಿ ಉಣ್ಣುತ್ತಿದ್ದ ಕುಟುಂಬಗಳು ಪಡಿತರಕ್ಕೆ ಕಾಯುವಂತಾಯಿತು.

ಬಿತ್ತನೆಬೀಜ:

ಶಾಂತಿಯ ನಂತರವೂ ಚೇತರಿಕೆ ಏಕೆ ತಡವಾಗುತ್ತದೆ ಎಂಬ ಭಾಗಕ್ಕೆ ನನ್ನ ಉತ್ತರ: ನೆಲದ ಒಡೆತನ. ಕೊಲಂಬಿಯಾದಲ್ಲಿ ಸ್ಥಳಾಂತರಗೊಂಡವರೆಂದು ನೋಂದಾಯಿತರಾದವರು 80 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಅನೇಕರ ಬಳಿ ಮೊದಲಿಂದಲೂ ಹಕ್ಕುಪತ್ರವಿರಲಿಲ್ಲ, ಮತ್ತು ಬಿಟ್ಟುಹೋದ ನೆಲ ಬೆದರಿಕೆಯಿಂದಲೋ ಅಗ್ಗದ ಖರೀದಿಯಿಂದಲೋ ಬೇರೆಯವರ ಕೈಸೇರಿತ್ತು. ಅಲ್ಲಿ 2011ರ ಕಾನೂನು, ತಾನು ಪ್ರಾಮಾಣಿಕವಾಗಿ ಕೊಂಡೆನೆಂದು ಸಾಬೀತುಪಡಿಸುವ ಹೊಣೆಯನ್ನು ಈಗ ನೆಲ ಹಿಡಿದಿರುವವನ ಮೇಲೆ ಹೊರಿಸಿತು. ಇದನ್ನು ನಾನು ಬಹಳ ಮುಖ್ಯವಾದ ಹೆಜ್ಜೆಯೆಂದು ಭಾವಿಸುತ್ತೇನೆ, ಏಕೆಂದರೆ ಓಡಿಹೋದವನಿಂದ ದಾಖಲೆ ಕೇಳುವುದೆಂದರೆ ಅವನ ಅರ್ಜಿಯನ್ನು ಮೊದಲೇ ತಳ್ಳಿಹಾಕಿದಂತೆ. ಇನ್ನು ನೆಲಬಾಂಬುಗಳು. ಮೊಜಾಂಬಿಕ್‌ನ ಯುದ್ಧ 1992ರಲ್ಲಿ ಮುಗಿಯಿತು. ದೇಶ ನೆಲಬಾಂಬು ಮುಕ್ತವೆಂದು ಘೋಷಣೆಯಾದದ್ದು 2015ರಲ್ಲಿ.

ದುಡಿಯುವ ಕೈಗಳ ಪ್ರಶ್ನೆಯೂ ಇದೆ. ನೇಪಾಳದ 1996–2006ರ ಮಾವೋವಾದಿ ಸಂಘರ್ಷದ ಕಾಲದಲ್ಲಿ ಯುವಕರು ಬಂಡುಕೋರರ ಪಡೆಗೆ ಸೇರ್ಪಡೆ, ಸರ್ಕಾರದ ಕಡೆಯ ಅನುಮಾನ ಎರಡರಿಂದಲೂ ತಪ್ಪಿಸಿಕೊಳ್ಳಲು ಕೊಲ್ಲಿ ರಾಷ್ಟ್ರಗಳಿಗೆ, ಮಲೇಷ್ಯಾಕ್ಕೆ ಹೊರಟರು. ಸಂಘರ್ಷ ಮುಗಿದರೂ ವಲಸೆ ನಿಲ್ಲಲಿಲ್ಲ, ಬೆಟ್ಟದ ಮೆಟ್ಟಿಲು ಗದ್ದೆಗಳಲ್ಲಿ ಎಷ್ಟೋ ಬೀಳುಬಿದ್ದವು.

ಮುಂಗಾರು:

ಉಪಯುಕ್ತ ಉತ್ತರಗಳಿಗಾಗಿ ಧನ್ಯವಾದಗಳು. ಹಾಗಾದರೆ ಇಂಥ ಕಡೆಗಳಲ್ಲಿ ಕೋಕಾ (ಕೊಕೇನ್ ತಯಾರಿಸುವ ಎಲೆಯ ಬೆಳೆ), ಅಫೀಮು ಹಬ್ಬುವುದು ಬಂಡುಕೋರರ ಒತ್ತಾಯದಿಂದಲೇ, ರೈತರ ಆಯ್ಕೆಯಿಂದಲೇ?

ಹೊಲದಂಚು:

ಒತ್ತಾಯವಿಲ್ಲದೆಯೂ ಹಬ್ಬುತ್ತದೆ. ಸಂತೆಗೆ ಹೋಗುವ ದಾರಿ ಮುಚ್ಚಿದಾಗ ಕೆಡದ, ಭಾರವಿಲ್ಲದ, ಕೊಳ್ಳುವವನೇ ಮನೆಬಾಗಿಲಿಗೆ ಬರುವ ಬೆಳೆ ಬೇರೊಂದಿಲ್ಲ. ಬ್ಯಾಂಕು ಇಲ್ಲದ ಕಡೆ ಸಾಲವೂ ಅದರ ಮೇಲೆಯೇ ಸಿಗುತ್ತದೆ. ಅಫ್ಘಾನಿಸ್ತಾನದಲ್ಲಿ ವ್ಯಾಪಾರಿಗಳು ಕೊಯ್ಲಿಗೆ ಮೊದಲೇ ಮುಂಗಡ ಕೊಟ್ಟು, ಮಾರುಕಟ್ಟೆ ದರಕ್ಕಿಂತ ತೀರಾ ಕಡಿಮೆ ಬೆಲೆಗೆ ಅಫೀಮನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. 2000ದಲ್ಲಿ ಸುಮಾರು 82 ಸಾವಿರ ಹೆಕ್ಟೇರ್ ಇದ್ದ ಬೆಳೆ ಆಗಿನ ತಾಲಿಬಾನ್ ನಿಷೇಧದಿಂದ 2001ರಲ್ಲಿ ಸುಮಾರು 8 ಸಾವಿರ ಹೆಕ್ಟೇರಿಗೆ ಇಳಿಯಿತು. ಮುಂಗಡ ಪಡೆದಿದ್ದವರು ತೀರಿಸಬೇಕಾಗಿದ್ದದ್ದು ಅಫೀಮಿನ ತೂಕದ ಲೆಕ್ಕದಲ್ಲಿ. ನಿಷೇಧದಿಂದ ಅಫೀಮಿನ ಬೆಲೆ ಏರಿದಷ್ಟೂ ಅವರ ಸಾಲ ಬೆಳೆಯಿತು. ನಿಷೇಧ ಸಡಿಲವಾದೊಡನೆ ಅವರು ಮತ್ತೆ ಅದನ್ನೇ ಬಿತ್ತಲು ಈ ಸಾಲವೂ ಒಂದು ಕಾರಣ.