ಟ್ಯಾಂಕ್ ತುಂಬ ಬಸವನಹುಳು, ಗಪ್ಪಿ ಮೀನಿನ ಮರಿಗಳು ದಿನಾ ಕಡಿಮೆ ಆಗುತ್ತಿವೆ. ಬೇಗ ಹೇಳಿ

ಗಪ್ಪಿಮನೆ (ಸೋಮವಾರ, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಬರೆಯುತ್ತಿದ್ದೇನೆ. ಈ ಬಸವನಹುಳು ಕಾಟದಿಂದ ನನಗೆ ಸಾಕಾಗಿ ಹೋಗಿದೆ. ನಾನು ಒಂದನ್ನೂ ತಂದು ಬಿಟ್ಟವಳಲ್ಲ. ತಿಂಗಳ ಹಿಂದೆ ಗಾಜಿನ ಮೇಲೆ ಎರಡು ಕಂಡವು. ಎಳ್ಳಿನಷ್ಟಿದ್ದವು, ಸುಮ್ನೆ ಬಿಟ್ಟೆ. ಈಗ ಗಾಜು, ಫಿಲ್ಟರ್, ಎಲೆ, ಎಲ್ಲಿ ನೋಡಿದರೂ ಅವೇ. ಜೊತೆಗೆ ಬಿಳಿ ದಾರದಂಥ ಹುಳುಗಳು. ಕಲ್ಲು ಅಲುಗಾಡಿಸಿದರೆ ಎದ್ದು ಬಳುಕುತ್ತಾ ಈಜುತ್ತವೆ.

ಅವು ಇದ್ದರೆ ಇರಲಿ ಎನ್ನಬಹುದಿತ್ತು. ಆದರೆ ಗಪ್ಪಿ ಮರಿಗಳನ್ನು ತಿನ್ನುತ್ತಿವೆ! ಹುಟ್ಟಿದಾಗ 38 ಎಣಿಸಿದ್ದೆ. ಇವತ್ತು ಬೆಳಿಗ್ಗೆ 19. ಸತ್ತ ಮರಿ ಒಂದೂ ಸಿಗುತ್ತಿಲ್ಲ, ಪೂರ್ತಿ ಮಾಯ. ನೀರು ಚೆನ್ನಾಗಿದೆ, ಫಿಲ್ಟರ್ ಓಡುತ್ತಿದೆ, ವಾಟರ್ ಚೇಂಜ್ ಮಾಡುತ್ತೇನೆ. ಬಸವನಹುಳು ಒಂದೇ ಸಲಕ್ಕೆ ಸಾಯುವ ಔಷಧಿ ಯಾವುದಿದೆ?

ನಾಲ್ಕಡಿ_ಟ್ಯಾಂಕ್ (ಸೋಮವಾರ, ರಾತ್ರಿ 11:05)

ಮೇಡಂ, ಊಟ ಜಾಸ್ತಿ ಆಗಿದೆ, ಅಷ್ಟೇ. ಬಸವನಹುಳು ಗಾಳಿಯಿಂದ ಹುಟ್ಟುವುದಿಲ್ಲ. ತಿನ್ನಲು ಇದ್ದರೆ ಮರಿ ಮಾಡುತ್ತವೆ, ಇಲ್ಲದಿದ್ದರೆ ತಾವಾಗಿಯೇ ಕಡಿಮೆ ಆಗುತ್ತವೆ. ಆ ಬಿಳಿ ದಾರದ ಹುಳುವೂ ಕಲ್ಲಿನ ಸಂದಿಯಲ್ಲಿ ಕೊಳೆಯುವ ಊಟ ತಿಂದು ಬದುಕುವುದು. ಡೆಟ್ರಿಟಸ್ ವರ್ಮ್ ಎನ್ನುತ್ತೇವೆ. ಮೀನಿಗೆ ಏನೂ ಮಾಡುವುದಿಲ್ಲ. ದಿನಕ್ಕೆ ಎಷ್ಟು ಸಲ ಹಾಕುತ್ತೀರಿ? ಎರಡು ದಿನ ಊಟ ನಿಲ್ಲಿಸಿ. ಪೈಪಿನಲ್ಲಿ ಕಲ್ಲಿನ ಕಸ ಎಳೆದು ತೆಗೆಯಿರಿ.

ಸೀಗಡಿಪ್ರಿಯ (ಮಂಗಳವಾರ, ಬೆಳಿಗ್ಗೆ 7:20)

ಮೊದಲು ಯಾವ ಬಸವನಹುಳು ಎಂದು ಗೊತ್ತಾಗಲಿ. ಚಿಪ್ಪಿನ ತುದಿ ಮೇಲಕ್ಕೆ ಮಾಡಿ, ಬಾಯಿ ನಿಮ್ಮ ಕಡೆ ಬರುವಂತೆ ಹಿಡಿಯಿರಿ. ಬಾಯಿ ಎಡಗಡೆ ಇದ್ದರೆ ಬ್ಲಾಡರ್ ಸ್ನೇಲ್. ಬಲಗಡೆ ಇದ್ದರೆ ಪಾಂಡ್ ಸ್ನೇಲ್. ಚಕ್ಕುಲಿಯ ಹಾಗೆ ಚಪ್ಪಟೆ ಸುತ್ತಿದ್ದರೆ ರ‍್ಯಾಮ್ಸ್‌ಹಾರ್ನ್. ಸ್ಕ್ರೂ ಮೊಳೆಯ ಹಾಗೆ ಉದ್ದಕ್ಕಿದ್ದರೆ ಟ್ರಂಪೆಟ್. ಟ್ರಂಪೆಟ್ ಹಗಲೆಲ್ಲ ಕಲ್ಲಿನೊಳಗೆ ಇದ್ದು ರಾತ್ರಿ ಹೊರಗೆ ಬರುತ್ತದೆ. ಮೊಟ್ಟೆ ಇಡುವುದಿಲ್ಲ, ನೇರ ಮರಿ ಹಾಕುತ್ತದೆ. ಗಂಡು ಬೇಕೆಂದೂ ಇಲ್ಲ. ಒಂದು ಬಂದರೆ ಸಾಕು.

ಇವು ಯಾವುವೂ ಚುರುಕಾದ ಮರಿಯನ್ನು ಹಿಡಿದು ತಿನ್ನಲಾರವು. ಸತ್ತದ್ದನ್ನು ಮಾತ್ರ ತಿನ್ನುತ್ತವೆ. ಮರಿ ತಿನ್ನುವುದು ಗಪ್ಪಿಗಳೇ ಮೇಡಂ. ತಾಯಿಯೇ ತಿನ್ನುತ್ತದೆ.

ಅಡಿಕೆತೋಟ (ಮಂಗಳವಾರ, ಬೆಳಿಗ್ಗೆ 8:02)

ಅಕ್ಕ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಮೈಲುತುತ್ತ ಒಂದು ಚಿಟಿಕೆ ಹಾಕಿ. ಒಂದೇ ರಾತ್ರಿಯಲ್ಲಿ ಬಸವನಹುಳು ಕ್ಲೀನ್. ನಮ್ಮ ತೋಟದ ತೊಟ್ಟಿಯಲ್ಲಿ ಮಾಡಿ ನೋಡಿದ್ದೇನೆ.

ಸೀಗಡಿಪ್ರಿಯ (ಮಂಗಳವಾರ, ಬೆಳಿಗ್ಗೆ 8:10)

ದಯವಿಟ್ಟು ಹಾಕಬೇಡಿ. ಮೈಲುತುತ್ತ ಎಂದರೆ ತಾಮ್ರ. ಬಸವನಹುಳು ಸಾಯುತ್ತದೆ ನಿಜ. ಸೀಗಡಿ ಇದ್ದರೆ ಅದೂ ಸಾಯುತ್ತದೆ. ನೀರು ಮೆದು ಇದ್ದರೆ ಮೀನಿಗೂ ವಿಷ. ಸಾವಿರ ಬಸವನಹುಳು ಒಂದೇ ರಾತ್ರಿ ಸತ್ತು ಕೊಳೆತರೆ ಅಮೋನಿಯಾ ಏರಿ ಬೆಳಗಾಗುವುದರೊಳಗೆ ಮೀನು ಮೇಲೆ ತೇಲುತ್ತವೆ. "ಚಿಟಿಕೆ" ಎಂದರೆ ಎಷ್ಟು? ಯಾರ ಬೆರಳಿನ ಚಿಟಿಕೆ?

ಅಡಿಕೆತೋಟ (ಮಂಗಳವಾರ, ಬೆಳಿಗ್ಗೆ 8:31)

ತಾಮ್ರದ ಪಾಠ ನನಗೆ ಬೇಡ. ಅಡಿಕೆಯ ಕೊಳೆರೋಗಕ್ಕೆ ಪ್ರತಿ ಮಳೆಗಾಲ ಬೋರ್ಡೋ ದ್ರಾವಣ ಹೊಡೆಯುವ ಮನೆ ನಮ್ಮದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಲೆಕ್ಕ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಸೀಗಡಿಪ್ರಿಯ (ಮಂಗಳವಾರ, ಬೆಳಿಗ್ಗೆ 8:40)

ಅದು ಮರಕ್ಕೆ ಹೊಡೆಯುವ ಲೆಕ್ಕ ಸರ್. ಜೊತೆಗೆ ಸುಣ್ಣವೂ ಇರುತ್ತದೆ. ಮೀನಿನ ತೊಟ್ಟಿಯ ಲೆಕ್ಕ ಬೇರೆ.

ತುಂಗಾತೀರ (ಮಂಗಳವಾರ, ಮಧ್ಯಾಹ್ನ 1:15)

ಔಷಧಿ ಯಾಕೆ, ಲೋಚ್ ಮೀನು ಬಿಡಿ. ಯೋಯೋ ಲೋಚ್ ಬಸವನಹುಳುವನ್ನು ಚಿಪ್ಪಿನಿಂದ ಎಳೆದು ತಿನ್ನುತ್ತದೆ. ಝೀಬ್ರಾ ಲೋಚ್ ಇನ್ನೂ ಚಂದ. ಅದು ನಮ್ಮ ಪಶ್ಚಿಮ ಘಟ್ಟದ್ದೇ, ತುಂಗಾ ನದಿಯ ಮೀನು.

ಕೆರೆಯಂಚು (ಮಂಗಳವಾರ, ಮಧ್ಯಾಹ್ನ 1:50)

ಝೀಬ್ರಾ ಲೋಚ್ ಅಳಿವಿನಂಚಿನ ಪಟ್ಟಿಯಲ್ಲಿದೆ. ಅಂಗಡಿಗೆ ಬರುವುದರಲ್ಲಿ ಹೊಳೆಯಿಂದ ಹಿಡಿದದ್ದೂ ಇರುತ್ತದೆ. ಬಸವನಹುಳು ತಿನ್ನಿಸಲು ಅದನ್ನು ತರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅದೂ ಅಲ್ಲದೆ ಲೋಚ್‌ಗಳು ಗುಂಪಿನಲ್ಲಿ ಇರಬೇಕು. ಗಪ್ಪಿ ಮರಿ ಇರುವ ಟ್ಯಾಂಕ್‌ಗೆ ನಾಲ್ಕೈದು ಲೋಚ್ ಬಿಟ್ಟರೆ ಉಳಿದ ಮರಿಗಳ ಕಥೆ?

ನಾಲ್ಕಡಿ_ಟ್ಯಾಂಕ್ (ಮಂಗಳವಾರ, ಸಂಜೆ 6:30)

ಮೂಲ ಕಾರಣ ಬಿಟ್ಟು ಎಲ್ಲರೂ ಎಲ್ಲೆಲ್ಲೋ ಹೋಗುತ್ತಿದ್ದೀರಿ. ಊಟ. ಊಟ. ಊಟ. ನನ್ನದು ನಾಲ್ಕಡಿ ಟ್ಯಾಂಕ್, ಒಂದೂವರೆ ಅಡಿ ಅಗಲ, ಒಂದೂವರೆ ಎತ್ತರ. ಕೆನಿಸ್ಟರ್ ಫಿಲ್ಟರ್, ಸಿಓಟು ಸಿಲಿಂಡರ್, ಹಿಂದೆ ಪೂರ್ತಿ ಕೆಂಪು ರೊಟಾಲಾ ಗಿಡ. ನಲವತ್ತು ಟೆಟ್ರಾ ಮೀನು. ವಾರಕ್ಕೆ ಒಂದು ದಿನ ಉಪವಾಸ. ಆರು ವರ್ಷದಲ್ಲಿ ಬಸವನಹುಳು ಹತ್ತು ದಾಟಿಲ್ಲ.

ತುಂಗಾತೀರ (ಮಂಗಳವಾರ, ಸಂಜೆ 6:44)

ರೊಟಾಲಾ ಅಷ್ಟು ಕೆಂಪು ಹೇಗೆ ಬರಿಸಿದಿರಿ ಸರ್? ಲೈಟ್ ಯಾವುದು? ನನ್ನದು ಹಸಿರಾಗಿಯೇ ಉಳಿಯುತ್ತದೆ.

ನಾಲ್ಕಡಿ_ಟ್ಯಾಂಕ್ (ಮಂಗಳವಾರ, ಸಂಜೆ 7:02)

ಲೈಟ್ ಜೋರಾಗಿರಬೇಕು, ನೀರಲ್ಲಿ ನೈಟ್ರೇಟ್ ಕಡಿಮೆ ಇರಬೇಕು. ಅಷ್ಟಿದ್ದರೆ ತಾನಾಗಿ ಕೆಂಪು. ಫೋಟೋ ನಾಳೆ ಹಾಕುತ್ತೇನೆ.

ಗಪ್ಪಿಮನೆ (ಬುಧವಾರ, ಬೆಳಿಗ್ಗೆ 6:50)

ಇವತ್ತು 11. ಎರಡು ದಿನದಲ್ಲಿ ಎಂಟು ಮರಿ ಹೋಗಿವೆ. ನೀವು ಇಲ್ಲಿ ರೊಟಾಲಾ ಬಣ್ಣ ಮಾತಾಡುತ್ತಿದ್ದೀರಿ. ನನಗೆ ಅಳು ಬರುತ್ತಿದೆ.

ದೊಡ್ಡ ಗಪ್ಪಿಗಳನ್ನು ಮರಿ ಹುಟ್ಟಿದ ದಿನವೇ ಬೇರೆ ಮಾಡಿದ್ದೇನೆ. ಅಷ್ಟು ಗೊತ್ತಿಲ್ಲದೆ ಮರಿ ಸಾಕುತ್ತೇನೆಯೇ? ಮರಿ ಟ್ಯಾಂಕ್‌ನಲ್ಲಿ ಮರಿ ಬಿಟ್ಟರೆ ಬೇರೆ ಮೀನೇ ಇಲ್ಲ. ಎರಡಡಿ ಟ್ಯಾಂಕ್, ಸ್ಪಂಜ್ ಫಿಲ್ಟರ್. ಬಸವನಹುಳು ಎಡಗಡೆ ಬಾಯಿಯದ್ದು. ಊಟ ನಿಲ್ಲಿಸಿ ಎನ್ನುತ್ತೀರಿ. ಹತ್ತು ದಿನದ ಮರಿಗೆ ಹೇಗೆ ನಿಲ್ಲಿಸಲಿ?

ಅಡಿಕೆತೋಟ (ಬುಧವಾರ, ಬೆಳಿಗ್ಗೆ 7:15)

ಮೈಲುತುತ್ತ ಬೇಡ ಎಂದರೆ ಅಡಿಕೆ ಇದೆ. ಹಿಂದೆ ನಾಯಿಯ ಲಾಡಿಹುಳುವಿಗೆ ಅಡಿಕೆಯಿಂದ ತೆಗೆದ ಅರೆಕೋಲಿನ್ನನ್ನೇ ಕೊಡುತ್ತಿದ್ದರು. ಈಗಲೂ ಟ್ಯಾಂಕ್‌ನ ಪ್ಲನೇರಿಯಾ ಎಂಬ ಚಪ್ಪಟೆ ಹುಳು ಕೊಲ್ಲಲು ಹೊರಗಿನಿಂದ ಬರುವ ಪುಡಿಯಲ್ಲಿ ಇರುವುದು ಅಡಿಕೆಯ ಸಾರವೇ. ನಮ್ಮ ಬೆಳೆಯನ್ನು ಡಬ್ಬಿಯಲ್ಲಿ ತುಂಬಿ ನಮಗೇ ಮಾರುತ್ತಾರೆ. ಇದು ಸುಳ್ಳಲ್ಲ ಅಲ್ವಾ ಸೀಗಡಿ ಸರ್?

ಸೀಗಡಿಪ್ರಿಯ (ಬುಧವಾರ, ಬೆಳಿಗ್ಗೆ 7:33)

ಸುಳ್ಳಲ್ಲ, ಒಪ್ಪುತ್ತೇನೆ. ನನ್ನ ಸೀಗಡಿ ಟ್ಯಾಂಕ್‌ಗೆ ಆ ಪುಡಿ ಬಳಸಿದ್ದೇನೆ, ಪ್ಲನೇರಿಯಾ ಹೋಯಿತು. ಆದರೆ ಅದು ಅಳೆದು ಹಾಕುವ ಪುಡಿ. ಮನೆಯ ಅಡಿಕೆ ಜಜ್ಜಿ ಹಾಕಿದರೆ ಎಷ್ಟು ಸಾರ ಇಳಿಯಿತು ಎಂದು ಯಾರಿಗೆ ಗೊತ್ತು? ಮತ್ತೆ ಮೇಡಂ ಹೇಳಿದ್ದು ಪ್ಲನೇರಿಯಾ ಅಲ್ಲ. ಪ್ಲನೇರಿಯಾ ಬಳುಕಿ ಈಜುವುದಿಲ್ಲ. ಗಾಜಿಗೆ ಅಂಟಿ ಜಾರಿಕೊಂಡು ಹೋಗುತ್ತದೆ. ತಲೆ ಬಾಣದ ಮೊನೆಯ ಹಾಗೆ, ಮೇಲೆ ಎರಡು ಕಣ್ಣಿನ ಚುಕ್ಕೆ.

ನಾಲ್ಕಡಿ_ಟ್ಯಾಂಕ್ (ಬುಧವಾರ, ಬೆಳಿಗ್ಗೆ 9:00)

ಮೇಡಂ, ನೋವಾಯಿತು ಎಂದರೆ ಕ್ಷಮಿಸಿ. ಆದರೂ ಹೇಳುತ್ತೇನೆ. ಊಟ ಕೊಳೆತು ಅಮೋನಿಯಾ ಆಗಿ ಮರಿ ಸಾಯುತ್ತಿವೆ, ಸತ್ತದ್ದನ್ನು ರಾತ್ರಿ ಬಸವನಹುಳು ಮುಗಿಸುತ್ತಿವೆ. ಅದಕ್ಕೇ ಹೆಣ ಸಿಗುವುದಿಲ್ಲ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ನೋಡಿ.

ಗಪ್ಪಿಮನೆ (ಬುಧವಾರ, ಬೆಳಿಗ್ಗೆ 11:20)

ನೋಡಿದೆ. ಅಮೋನಿಯಾ ಸೊನ್ನೆ. ನೈಟ್ರೈಟ್ ಸೊನ್ನೆ. ಉಳಿದ ಮರಿಗಳು ಚುರುಕಾಗಿ ಓಡಾಡುತ್ತಿವೆ.

ಕೆರೆಯಂಚು (ಬುಧವಾರ, ಬೆಳಿಗ್ಗೆ 11:41)

ಅಕ್ಕ, ಒಂದು ಪ್ರಶ್ನೆ. ಟ್ಯಾಂಕ್‌ನಲ್ಲಿ ಗಿಡ ಇದೆಯೇ? ಇದ್ದರೆ ಎಲ್ಲಿಂದ ತಂದಿರಿ?

ಗಪ್ಪಿಮನೆ (ಬುಧವಾರ, ಮಧ್ಯಾಹ್ನ 12:05)

ಇದೆ. ಮರಿಗಳಿಗೆ ಅಡಗಲು ಗಿಡ ಬೇಕಲ್ಲ. ಹೈಡ್ರಿಲಾ. ಹುಣಸೂರು ಹತ್ತಿರ ನಮ್ಮ ತವರಿನ ಕೆರೆಯಿಂದ ಯುಗಾದಿಗೆ ಹೋದಾಗ ಒಂದು ಚೀಲ ತಂದೆ. ಚೆನ್ನಾಗಿ ತೊಳೆದೇ ಹಾಕಿದೆ. ಗಿಡಕ್ಕೂ ಇದಕ್ಕೂ ಏನು ಸಂಬಂಧ?

ಕೆರೆಯಂಚು (ಬುಧವಾರ, ಮಧ್ಯಾಹ್ನ 12:30)

ಸಂಬಂಧ ಇದೆ ಅಕ್ಕ. ಬಸವನಹುಳು ಬಂದದ್ದು ಅದರಲ್ಲೇ. ಎಲೆಯ ಅಡಿಯಲ್ಲಿ ಲೋಳೆಯ ಮುದ್ದೆಯ ಹಾಗೆ ಮೊಟ್ಟೆ ಅಂಟಿರುತ್ತದೆ, ತೊಳೆದರೆ ಹೋಗುವುದಿಲ್ಲ. ಆದರೆ ನನಗೆ ಅನುಮಾನ ಬಸವನಹುಳುವಿನ ಮೇಲಲ್ಲ. ಏರೋಪ್ಲೇನ್ ಚಿಟ್ಟೆಯ ಮರಿಯ ಮೇಲೆ. ಡ್ರಾಗನ್‌ಫ್ಲೈ. ಅದರ ಬಾಲ್ಯ ಪೂರ್ತಿ ನೀರಿನಲ್ಲಿ. ಕೆರೆಯ ಗಿಡದ ಜೊತೆ ಸಾಸಿವೆಯಷ್ಟು ಮರಿಯಾಗಿ ಬರುತ್ತದೆ. ಮೊದಲು ಸಣ್ಣ ಹುಳು ತಿನ್ನುತ್ತದೆ. ಬೆಳೆದ ಮೇಲೆ ಮೀನಿನ ಮರಿ. ಹಗಲು ಕದಲದೆ ಕೂತಿರುತ್ತದೆ, ಬಣ್ಣವೂ ಕೆಸರಿನದ್ದೇ. ಎದುರಿಗೇ ಇದ್ದರೂ ಕಾಣುವುದಿಲ್ಲ.

ಇವತ್ತು ರಾತ್ರಿ ಲೈಟ್ ಆರಿಸಿ, ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡಿ. ಹೈಡ್ರಿಲಾ ಬುಡದಲ್ಲಿ, ಸ್ಪಂಜ್ ಫಿಲ್ಟರ್ ಹಿಂದೆ. ಔಷಧಿ ಏನೂ ಹಾಕಬೇಡಿ.

ನಾಲ್ಕಡಿ_ಟ್ಯಾಂಕ್ (ಬುಧವಾರ, ಮಧ್ಯಾಹ್ನ 12:52)

ಮನೆಯೊಳಗಿನ ಟ್ಯಾಂಕ್‌ನಲ್ಲಿ ಏರೋಪ್ಲೇನ್ ಚಿಟ್ಟೆ? ಸೊಳ್ಳೆ ಮರಿ ಇರಬಹುದು, ಒಪ್ಪುತ್ತೇನೆ.

ಕೆರೆಯಂಚು (ಬುಧವಾರ, ಮಧ್ಯಾಹ್ನ 1:10)

ಸೊಳ್ಳೆ ಮರಿ ಗಪ್ಪಿಗೆ ಊಟ ಸರ್. ಗಪ್ಪಿ ಇರುವ ನೀರಲ್ಲಿ ಅದು ಉಳಿಯುವುದಿಲ್ಲ.

ಗಪ್ಪಿಮನೆ (ಬುಧವಾರ, ರಾತ್ರಿ 11:48)

ಸಿಕ್ಕಿತು!! ಕೈ ಇನ್ನೂ ನಡುಗುತ್ತಿದೆ.

ಹತ್ತೂವರೆಗೆ ಟಾರ್ಚ್ ಹಿಡಿದು ಕೂತೆ. ಮೊದಲು ಏನೂ ಇಲ್ಲ, ಬರೀ ಬಸವನಹುಳು. ಫಿಲ್ಟರ್ ಪಕ್ಕದ ಹೈಡ್ರಿಲಾ ಕಡ್ಡಿಯ ಮೇಲೆ ಒಣ ಎಲೆಯ ತುಂಡು ಇದೆ ಎಂದುಕೊಂಡೆ. ಒಂದು ಮರಿ ಅದರ ಮುಂದೆ ಬಂತು. ಆ ಎಲೆಯ ಮುಖದ ಕೆಳಗಿನಿಂದ ಕೈಯಂಥದ್ದು ಒಂದು ಮುಂದಕ್ಕೆ ಚಿಮ್ಮಿತು. ಮರುಕ್ಷಣ ಮರಿ ಅದರ ಬಾಯಲ್ಲಿ. ನನ್ನ ಎದುರಿಗೇ. ಜಾಲರಿಯಿಂದ ಹಿಡಿದು ಲೋಟಕ್ಕೆ ಹಾಕಿದ್ದೇನೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ. ಆರು ಕಾಲು, ದಪ್ಪ ಹೊಟ್ಟೆ, ದೊಡ್ಡ ಕಣ್ಣು.

ಮೂರು ದಿನ ಬಸವನಹುಳುವಿಗೆ ಶಾಪ ಹಾಕುತ್ತಾ ಕೂತಿದ್ದೆ. ಕೆರೆಯಂಚು ಅಣ್ಣ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಿಲ್ಲ.

ತುಂಗಾತೀರ (ಗುರುವಾರ, ಬೆಳಿಗ್ಗೆ 6:15)

ಬಾಲದಲ್ಲಿ ಮೂರು ಎಲೆಯಂಥದ್ದು ಇದೆಯೇ? ಇದ್ದರೆ ಅದು ಡ್ಯಾಮ್ಸೆಲ್‌ಫ್ಲೈ, ಡ್ರಾಗನ್‌ಫ್ಲೈ ಅಲ್ಲ. ಕೆರೆಯಂಚು ಅವರು ತಪ್ಪು ಹೇಳಿರಬಹುದು.

ಗಪ್ಪಿಮನೆ (ಗುರುವಾರ, ಬೆಳಿಗ್ಗೆ 6:40)

ಎಲೆ ಇಲ್ಲ. ಹಿಂದೆ ಚಿಕ್ಕ ಮುಳ್ಳುಗಳಿವೆ. ಲೋಟ ಅಲುಗಾಡಿಸಿದರೆ ಕಾಲು ಆಡಿಸದೆಯೇ ಮುಂದಕ್ಕೆ ಜಿಗಿಯುತ್ತದೆ.

ಕೆರೆಯಂಚು (ಗುರುವಾರ, ಬೆಳಿಗ್ಗೆ 7:05)

ಹಾಗಾದರೆ ಡ್ರಾಗನ್‌ಫ್ಲೈ ಮರಿಯೇ. ಹಿಂಬದಿಯಿಂದ ನೀರು ಎಳೆದುಕೊಂಡು ಉಸಿರಾಡುತ್ತದೆ. ಗಾಬರಿಯಾದಾಗ ಆ ನೀರನ್ನು ಜೋರಾಗಿ ಬಿಟ್ಟು ಮುಂದಕ್ಕೆ ನುಗ್ಗುತ್ತದೆ. ನೀವು ಕೈ ಎಂದದ್ದು ಅದರ ಕೆಳತುಟಿ. ಮಡಚಿ ಮುಖದ ಅಡಿಯಲ್ಲಿ ಇಟ್ಟುಕೊಂಡಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೆರಗು.

ಒಂದೇ ಇರುತ್ತದೆ ಎಂದು ನಂಬಬೇಡಿ. ಹೈಡ್ರಿಲಾ ಪೂರ್ತಿ ತೆಗೆದು ಬಿಳಿ ಬಕೆಟ್‌ನಲ್ಲಿ ಜಾಲಾಡಿಸಿ. ಫಿಲ್ಟರ್ ಸ್ಪಂಜನ್ನು ಟ್ಯಾಂಕ್ ನೀರಿನಲ್ಲೇ ಹಿಂಡಿ ನೋಡಿ, ನಲ್ಲಿ ನೀರಿನಲ್ಲಿ ಬೇಡ. ಇನ್ನೆರಡು ರಾತ್ರಿ ಟಾರ್ಚ್ ಹಿಡಿಯಿರಿ. ಮುಂದೆ ಗಿಡ ತಂದರೆ ತಿಂಗಳು ಬೇರೆ ಬಕೆಟ್‌ನಲ್ಲಿಟ್ಟು, ಏನೇನು ಹೊರಬರುತ್ತದೆ ನೋಡಿ ಆಮೇಲೆ ಹಾಕಿ.

ಅಡಿಕೆತೋಟ (ಗುರುವಾರ, ಬೆಳಿಗ್ಗೆ 7:30)

ಅಕ್ಕ, ಅದನ್ನು ಕೊಲ್ಲಬೇಡಿ. ಗದ್ದೆಯಲ್ಲಿ ಸೊಳ್ಳೆ ಮರಿ ತಿನ್ನುವುದೇ ಅದು. ತಾವರೆ ಕುಂಡ ಇದ್ದರೆ ಅದಕ್ಕೆ ಬಿಡಿ.

ಗಪ್ಪಿಮನೆ (ಭಾನುವಾರ, ಸಂಜೆ 5:20)

ವರದಿ. ಬಕೆಟ್‌ನಲ್ಲಿ ಇನ್ನೊಂದು ಸಿಕ್ಕಿತು, ಮೊದಲಿನದ್ದರ ಅರ್ಧ ಇತ್ತು. ಎರಡನ್ನೂ ಟೆರೇಸಿನ ತಾವರೆ ಕುಂಡಕ್ಕೆ ಬಿಟ್ಟೆ. ಕುಂಡದಲ್ಲಿ ಸೊಳ್ಳೆ ಮರಿ ತುಂಬಿತ್ತು, ಇವತ್ತು ನೋಡಿದರೆ ನಾಲ್ಕೈದು ಉಳಿದಿವೆ.

ಗಪ್ಪಿ ಮರಿ 10. ಗುರುವಾರ 10, ಶುಕ್ರವಾರ 10, ನಿನ್ನೆ 10, ಇವತ್ತೂ 10.

ನಾಲ್ಕಡಿ ಸರ್, ನೀವು ಹೇಳಿದ್ದನ್ನೂ ಮಾಡಿದೆ. ದಿನಕ್ಕೆ ಐದು ಸಲ ಹಾಕುತ್ತಿದ್ದೆ, ಈಗ ಮೂರು ಸಲ, ಚೂರು ಚೂರು. ಬಿಳಿ ದಾರದ ಹುಳು ಕಡಿಮೆ ಆಗಿದೆ. ಬಸವನಹುಳು ಮಾತ್ರ ಹಾಗೇ ಇವೆ. ರಾತ್ರಿ ಬೇಯಿಸಿದ ಸೌತೆಕಾಯಿ ಬಿಲ್ಲೆ ಇಟ್ಟು ಬೆಳಿಗ್ಗೆ ಎತ್ತಿದೆ. ಒಂದೇ ಬಿಲ್ಲೆಗೆ 62. ಇವನ್ನು ಏನು ಮಾಡಲಿ? ಮನೆ ಹಿಂದಿನ ಕೆರೆಗೆ ಹಾಕಲೇ?

ನಾಲ್ಕಡಿ_ಟ್ಯಾಂಕ್ (ಭಾನುವಾರ, ಸಂಜೆ 5:45)

ನೋಡಿ, ಐದು ಸಲ! ನಾನು ಮೊದಲ ದಿನವೇ ಕೇಳಿದ್ದೆ. ಮರಿ ಉಳಿದದ್ದು ತುಂಬಾ ಸಂತೋಷ ಮೇಡಂ. ರೊಟಾಲಾ ಫೋಟೋ ಬೇರೆ ಚರ್ಚೆಯಲ್ಲಿ ಹಾಕಿದ್ದೇನೆ.

ಕೆರೆಯಂಚು (ಭಾನುವಾರ, ಸಂಜೆ 6:02)

ಕೆರೆಗೆ ಬೇಡ ಅಕ್ಕ. ಟ್ಯಾಂಕ್‌ನ ಗಿಡ, ನೀರು, ಬಸವನಹುಳು ಯಾವುದನ್ನೂ ಕೆರೆಗೆ ಬಿಡಬಾರದು. ಸಕ್ಕರ್ ಮೀನು ಕೆರೆ ಸೇರಿದ್ದು ಹೀಗೆಯೇ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕೆರೆಯಿಂದ ಬಂದ ಬಸವನಹುಳುವಿನಲ್ಲಿ ದನದ ಹುಳುರೋಗದ ಮರಿಗಳೂ ಇರಬಹುದು.

ಹಳದಿಪಫರ್ (ಭಾನುವಾರ, ರಾತ್ರಿ 8:10)

ಎಲ್ಲರಿಗೂ ನಮಸ್ಕಾರ, ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಮೇಡಂ, ನಾನೂ ಮೈಸೂರೇ. ನನ್ನ ಹತ್ತಿರ ಆರು ಪೀ ಪಫರ್ ಮೀನು ಇವೆ. ಬಸವನಹುಳು ಬಿಟ್ಟರೆ ಬೇರೆ ಊಟ ಮೂಸಿ ಕೂಡ ನೋಡುವುದಿಲ್ಲ. ಸಾಕುವ ಡಬ್ಬಿ ಎರಡು ಇಟ್ಟಿದ್ದೇನೆ, ಆದರೂ ಸಾಲುವುದಿಲ್ಲ. ಕೆರೆಯದ್ದಾದ್ದರಿಂದ ನಿಮ್ಮ ಬಸವನಹುಳುವನ್ನು ಡಬ್ಬಿಯಲ್ಲಿ ಬೆಳೆಸಿ, ಹುಟ್ಟಿದ ಮರಿಗಳನ್ನು ಮಾತ್ರ ಪಫರ್‌ಗೆ ಹಾಕುತ್ತೇನೆ. ಸೌತೆಕಾಯಿ ಬಿಲ್ಲೆ ಸಮೇತ ಡಬ್ಬಿಯಲ್ಲಿ ಹಾಕಿಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ನಾಳೆ ಸಂಜೆ ಆಗುತ್ತದೆಯೇ?

ಗಪ್ಪಿಮನೆ (ಭಾನುವಾರ, ರಾತ್ರಿ 8:16)

ಆಗುತ್ತದೆ, ಬನ್ನಿ. ಇವತ್ತು ರಾತ್ರಿ ಎರಡು ಬಿಲ್ಲೆ ಇಡುತ್ತೇನೆ.