ಔಟ್‌ಪುಟ್, ಔಟ್‌ಕಮ್, ಇಂಪ್ಯಾಕ್ಟ್: ಮೂರಕ್ಕೂ ‘ಪರಿಣಾಮ’ವೇ?

ಎಲ್ಲರಿಗೂ ನಮಸ್ಕಾರ.

ಹವಾಮಾನ ಬದಲಾವಣೆ, ಸುಸ್ಥಿರ ಅಭಿವೃದ್ಧಿ ಯೋಜನೆಗಳ ಮೌಲ್ಯಮಾಪನದ ಬಗ್ಗೆ ಬರೆಯುತ್ತಿದ್ದೇನೆ. ‘ಮೌಲ್ಯಮಾಪನ’ ಅಂದರೆ ಉತ್ತರಪತ್ರಿಕೆ ತಿದ್ದುವುದೇ ನೆನಪಾಗುತ್ತದೆ. ಇರಲಿ, ಆ ಪದ ಬಳಕೆಯಲ್ಲಿ ನಿಂತಿದೆ. ತೊಡಕಿರುವುದು ಮೇಲಿನ ಮೂರು ಇಂಗ್ಲಿಷ್ ಪದಗಳನ್ನು ಕನ್ನಡಕ್ಕೆ ತರುವುದರಲ್ಲಿ.

ಕಾಡು ಬೆಳೆಸುವ ಯೋಜನೆಯನ್ನೇ ತಗೊಳ್ಳಿ. ಇಷ್ಟು ಸಸಿ ನೆಟ್ಟೆವು ಅನ್ನುವುದು ಔಟ್‌ಪುಟ್. ಅವು ಬದುಕಿ ಬೇರೂರಿದವು, ಮಣ್ಣು ಕೊಚ್ಚಿಹೋಗುವುದು ಕಡಿಮೆಯಾಯಿತು ಅನ್ನುವುದು ಔಟ್‌ಕಮ್. ವರ್ಷಗಳು ಕಳೆದ ಮೇಲೆ ಆ ಮರಗಳು ಎಷ್ಟು ಇಂಗಾಲ ಹಿಡಿದಿಟ್ಟವು, ಸುತ್ತಲಿನವರು ಬರವನ್ನು ಮೊದಲಿಗಿಂತ ಚೆನ್ನಾಗಿ ತಾಳಿಕೊಂಡರೇ ಅನ್ನುವುದು ಇಂಪ್ಯಾಕ್ಟ್. ಯೋಜನೆ ಇಲ್ಲದಿದ್ದರೂ ಹೀಗೇ ಆಗುತ್ತಿತ್ತಾ ಎಂಬ ಪ್ರಶ್ನೆಯೂ ಅದರೊಳಗೇ ಇದೆ. ಎಷ್ಟೋ ವರದಿಗಳು ಸಸಿ ಎಣಿಸಿ ಕೈತೊಳೆದುಕೊಳ್ಳುತ್ತವೆ. ಮೂರಕ್ಕೂ ‘ಪರಿಣಾಮ’ ಅಂದುಬಿಟ್ಟರೆ ಆ ಜಾಣತನ ಕಣ್ಣಿಗೇ ಬೀಳುವುದಿಲ್ಲ.

ಸಾಲದ್ದಕ್ಕೆ, ‘ಹವಾಮಾನ ಪರಿಣಾಮದ ಮೌಲ್ಯಮಾಪನ’ ಅಂದರೆ ಹವಾಮಾನ ಕೊಟ್ಟ ಪೆಟ್ಟೋ, ಯೋಜನೆ ತಂದ ಒಳಿತೋ?

‘ಫಲಿತಾಂಶ’ವನ್ನು ಪರೀಕ್ಷೆ, ಚುನಾವಣೆಗಳು ಹಿಡಿದುಕೊಂಡಿವೆ. ಕೆಲವರು ‘ಫಲಶ್ರುತಿ’ ಬಳಸುತ್ತಾರೆ. ಅದು ಸ್ತೋತ್ರದ ಕೊನೆಗೆ ‘ಇದನ್ನು ಓದಿದರೆ ಇಂಥ ಫಲ’ ಎಂದು ಹೇಳುವ ಮಾತು. ಕೊಟ್ಟ ಭರವಸೆ ಅದು, ಅಳೆದು ನೋಡಿದ್ದಲ್ಲ. (ಕೆಲವು ವರದಿಗಳಿಗೆ ಸರಿಯಾಗಿಯೇ ಒಪ್ಪುತ್ತದೆ ಅನ್ನಿ!)

ಸದ್ಯಕ್ಕೆ ನಾನು ‘ಆದ ಕೆಲಸ’, ‘ಬಂದ ಫಲ’, ‘ದೂರದ ಪರಿಣಾಮ’ ಎಂದು ಬರೆದುಕೊಂಡಿದ್ದೇನೆ. ಮೂರನೆಯದು ಅಷ್ಟು ಹಿಡಿಸಿಲ್ಲ. ಇಂಗಾಲದ ಹೊಗೆ ತಗ್ಗಿಸುವ ಕೆಲಸಕ್ಕಾದರೆ ಎಷ್ಟು ಟನ್ ಕಡಿಮೆಯಾಯಿತು ಎಂಬ ಲೆಕ್ಕವಿದೆ, ಪದ ಸ್ವಲ್ಪ ಸಡಿಲವಾದರೂ ಅಂಕಿ ಕಾಪಾಡುತ್ತದೆ. ಬದಲಾದ ಹವಾಮಾನಕ್ಕೆ ಹೊಂದಿಕೊಳ್ಳುವ ಕೆಲಸಕ್ಕೆ ಅಂಥ ಒಂದೇ ಅಳತೆಗೋಲಿಲ್ಲ. ಅಲ್ಲಿ ಪದವೇ ಗಟ್ಟಿಯಾಗಿರಬೇಕು, ಅಲ್ವಾ?

ಜೊತೆಗೆ ಇನ್ನೊಂದು: ಹವಾಮಾನ ಬದಲಾವಣೆ ಕುರಿತು ದೇಶಗಳು ಮಾಡಿಕೊಂಡ 2015ರ ಪ್ಯಾರಿಸ್ ಒಪ್ಪಂದದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ‘ಗ್ಲೋಬಲ್ ಸ್ಟಾಕ್‌ಟೇಕ್’ ಇದೆ. ಮೊದಲನೆಯದು 2023ರಲ್ಲಿ ದುಬೈನಲ್ಲಿ ಮುಗಿಯಿತು. ‘ಜಾಗತಿಕ ಅವಲೋಕನ’ ಅಂದರೆ ಸುಮ್ನೆ ಕಣ್ಣಾಡಿಸಿದ ಹಾಗಿದೆ. ಅದು ಒಂದೊಂದೇ ದೇಶಕ್ಕೆ ಅಂಕ ಹಾಕುವುದೂ ಅಲ್ಲ, ಎಲ್ಲರೂ ಸೇರಿ ಎಲ್ಲಿಗೆ ಮುಟ್ಟಿದ್ದೇವೆ ಎಂದು ನೋಡುವುದು. ‘ಒಟ್ಟು ಲೆಕ್ಕನೋಟ’ ಆಗಬಹುದೇ?

ಯೋಜನಾ ವರದಿಗಳನ್ನು ಕನ್ನಡದಲ್ಲಿ ಬರೆದವರು ಇಲ್ಲಿದ್ದರೆ, ನೀವು ಇಂಪ್ಯಾಕ್ಟಿಗೆ ಏನು ಬಳಸಿದ್ದೀರಿ ಎಂದು ವಾಕ್ಯದ ಸಮೇತ ತಿಳಿಸಿ.