ಶುಕ್ರನಿಗೆ 1236 ಕೋಟಿ: ಎರಡೂವರೆ ಗಂಟೆಯೂ ಯಂತ್ರ ಬಾಳದ ಗ್ರಹಕ್ಕೆ ಇಷ್ಟು ಖರ್ಚು ಏಕೆ?

ಕೆಂಗೇರಿ ರಘು
ಇಸ್ರೋದ ಶುಕ್ರ ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ 1236 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರಲ್ಲಿ ನೌಕೆಯ ಪಾಲು 824 ಕೋಟಿ. ಉಡಾವಣೆಗೆ ಗೊತ್ತುಮಾಡಿರುವುದು 2028ರ ಮಾರ್ಚ್. ಮಂಗಳಯಾನ 450 ಕೋಟಿಯಲ್ಲಿ ಮುಗಿದಿತ್ತು ಎನ್ನುವುದನ್ನು ನೆನಪಿಡಿ.

ಶುಕ್ರನ ನೆಲದಲ್ಲಿ ಉಷ್ಣಾಂಶ 460 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸೀಸವಷ್ಟೇ ಏಕೆ, ಸತುವೂ ಕರಗುವ ಬಿಸಿ ಅದು. ವಾಯುಒತ್ತಡ ನಮ್ಮಲ್ಲಿರುವುದರ 92 ಪಟ್ಟು. ಸೋವಿಯತ್ ಒಕ್ಕೂಟದ ವೆನೆರಾ 13 ಅಲ್ಲಿ 1982ರಲ್ಲಿ 127 ನಿಮಿಷ ಕೆಲಸ ಮಾಡಿತು, ಅದೇ ಇಂದಿಗೂ ದಾಖಲೆ. ನಾವು ಇಳಿಯುವುದೂ ಇಲ್ಲ, ಮೇಲೆ ಸುತ್ತುತ್ತೇವೆ ಅಷ್ಟೆ. ಅಮೆರಿಕದ ಮೆಗೆಲನ್ ನೌಕೆ ಆ ಗ್ರಹದ ಶೇ. 98ರಷ್ಟು ನೆಲದ ರೇಡಾರ್ ನಕ್ಷೆಯನ್ನು 1990ರ ದಶಕದಲ್ಲೇ ಮಾಡಿ ಮುಗಿಸಿದೆ. ಇದು ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ. ಈ ಹಣ ಮಂಗಳನ ಮೇಲೆ ಇಳಿಯುವ ಪ್ರಯತ್ನಕ್ಕೆ ಹೋಗಬೇಕಿತ್ತು ಎನ್ನುವುದು ನನ್ನ ವಾದ. ‘ದೇಶದ ಹೆಮ್ಮೆ’ ಎಂಬ ಉತ್ತರ ಬೇಡ, ವಿಷಯ ಮಾತನಾಡೋಣ.

ಕಲ್ಲುಮಣ್ಣು
ರಘು ಅವರೇ, ನಾನು ಭೂವಿಜ್ಞಾನದವಳು. ನಕ್ಷೆ ಮುಗಿದಿದೆ ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ. ಮೆಗೆಲನ್ ಚಿತ್ರಗಳಲ್ಲಿ ನೂರು ಮೀಟರಿಗಿಂತ ಚಿಕ್ಕದು ಯಾವುದೂ ಸರಿಯಾಗಿ ಕಾಣುವುದಿಲ್ಲ. ಎತ್ತರದ ಅಳತೆಯಂತೂ ಇನ್ನೂ ಒರಟು, ಒಂದೊಂದು ಬಿಂದುವಿಗೂ ಹಲವು ಕಿಲೋಮೀಟರ್ ಅಂತರ. ಇಷ್ಟರಲ್ಲಿ ನಮ್ಮ ದಖ್ಖನ್ ಬಸಾಲ್ಟ್ (ಲಾವಾ ಆರಿ ಗಟ್ಟಿಯಾದ ಕಲ್ಲು) ಪದರಗಳನ್ನು ಅಧ್ಯಯನ ಮಾಡಿ ಎಂದರೆ ನಾನು ಕೈ ಮುಗಿಯುತ್ತೇನೆ. ಪದರ ಯಾವುದು, ಹರಿವು ಯಾವುದು, ಯಾವುದು ಯಾವುದರ ಮೇಲೆ ಕೂತಿದೆ, ಒಂದೂ ತಿಳಿಯದು.

ಗಾತ್ರದಲ್ಲಿ ಶುಕ್ರ ಹೆಚ್ಚುಕಡಿಮೆ ಭೂಮಿಯೇ. ವ್ಯಾಸ 12,104 ಕಿ.ಮೀ., ದ್ರವ್ಯರಾಶಿ ಭೂಮಿಯ ಶೇ. 81ರಷ್ಟು. ಮಂಗಳನದು ಶೇ. 11ಕ್ಕೂ ಕಡಿಮೆ. ಒಳಗಿನ ಶಾಖ ಹೊರಬರುವ ಬಗೆಯನ್ನು ಭೂಮಿಯೊಂದಿಗೆ ಹೋಲಿಸಿ ನೋಡಬೇಕೆಂದರೆ ಹತ್ತಿರದಲ್ಲಿರುವುದು ಇದೊಂದೇ. ಆದರೂ ಇಲ್ಲಿರುವಂತೆ ಸರಿದಾಡುವ ಶಿಲಾಫಲಕಗಳ ಜಾಲ ಅಲ್ಲಿ ಕಾಣುವುದಿಲ್ಲ. ಏಕೆ ಎಂಬುದಕ್ಕೆ ಉತ್ತರ ಸಿಕ್ಕಿಲ್ಲ. ಮಂಗಳನಲ್ಲಿ ಎಷ್ಟು ಬಾರಿ ಇಳಿದರೂ ಅದು ಸಿಗುವಂಥದ್ದಲ್ಲ.

ಗದಗಿನವ
1236 ಕೋಟಿಯಲ್ಲಿ ಎಷ್ಟು ಕೆರೆಗಳ ಹೂಳು ತೆಗೆಸಬಹುದಿತ್ತು ಎಂದು ಯಾರಾದರೂ ಲೆಕ್ಕ ಹಾಕಿ.

ನಿವೃತ್ತ ಮೇಷ್ಟ್ರು
ಗದಗಿನವರೇ, ಇದನ್ನು ನಿಲ್ಲಿಸಿದರೆ ಹಣ ಕೆರೆಗೆ ಹೋಗುತ್ತದೆ ಎಂಬ ಖಾತ್ರಿ ಇದ್ದಿದ್ದರೆ ನಾನೂ ನಿಮ್ಮ ಪಕ್ಷ ಸೇರುತ್ತಿದ್ದೆ.

ಬೆಳ್ಳಿಚುಕ್ಕಿ
ನಾನು ಬಿ.ಎಸ್ಸಿ. ವಿದ್ಯಾರ್ಥಿ. ಶುಕ್ರ ಸೂರ್ಯನಿಗೆ ಹತ್ತಿರವಿದೆ, ಸಾಲದ್ದಕ್ಕೆ 92 ಪಟ್ಟು ಒತ್ತಡ. ಅನಿಲವನ್ನು ಒತ್ತಿದರೆ ಬಿಸಿಯಾಗುತ್ತದೆ ಎಂದು ಎಲ್ಲರೂ ಓದಿದ್ದೇವೆ. ಹಾಗಿದ್ದಮೇಲೆ ಅಲ್ಲಿ ಹಸಿರುಮನೆ ಪರಿಣಾಮವನ್ನು ಏಕೆ ಎಳೆದು ತರುತ್ತಾರೆ?

ನಿವೃತ್ತ ಮೇಷ್ಟ್ರು
ಒಳ್ಳೆಯ ಪ್ರಶ್ನೆ, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಹತ್ತಿರದ ಮಾತು. ಶುಕ್ರನ ಮೇಲೆ ಬೀಳುವ ಬಿಸಿಲು ನಮಗಿಂತ ಸುಮಾರು 1.9 ಪಟ್ಟು, ನಿಜ. ಆದರೆ ಅದರ ಮುಕ್ಕಾಲು ಪಾಲನ್ನು ಗಂಧಕಾಮ್ಲದ ಮೋಡಗಳೇ ವಾಪಸು ಕಳಿಸುತ್ತವೆ. ಸಂಜೆ ಪಡುವಣದಲ್ಲಿ ಅದು ಅಷ್ಟು ಹೊಳೆಯುವುದೇ ಅದಕ್ಕೆ. ಭೂಮಿ ವಾಪಸು ಕಳಿಸುವುದು ಶೇ. 30ರಷ್ಟು ಮಾತ್ರ. ಹಾಗಾಗಿ ಲೆಕ್ಕ ಮಾಡಿದರೆ ಶುಕ್ರ ಹೀರಿಕೊಳ್ಳುವ ಬಿಸಿಲು ಭೂಮಿಗಿಂತ ಕಡಿಮೆ! ಬಿಸಿಲೊಂದನ್ನೇ ನಂಬಿದ್ದರೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿರಬೇಕಿತ್ತು. ಸೂರ್ಯನಿಗೆ ಇನ್ನೂ ಹತ್ತಿರದ ಬುಧನ ಹಗಲೂ ಶುಕ್ರನಷ್ಟು ಕಾಯುವುದಿಲ್ಲ.

ಇನ್ನು ಒತ್ತಡ. ಆಸ್ಪತ್ರೆಯ ಆಮ್ಲಜನಕದ ಸಿಲಿಂಡರಿನೊಳಗೆ ನೂರು ಪಟ್ಟಿಗೂ ಹೆಚ್ಚು ಒತ್ತಡವಿರುತ್ತದೆ. ಮುಟ್ಟಿ ನೋಡಿ, ತಣ್ಣಗಿರುತ್ತದೆ. ಒತ್ತುವಾಗ ಬಿಸಿಯಾಗಿರುತ್ತದೆ, ಆಮೇಲೆ ಆ ಶಾಖ ಹೊರಹೋಗುತ್ತದೆ. ಶುಕ್ರನಿಗೆ ಆರಲು ಕೋಟ್ಯಂತರ ವರ್ಷ ಸಮಯವಿತ್ತು, ಆದರೂ ಆರಿಲ್ಲ. ಹೊರಹೋಗುವ ಶಾಖವನ್ನು ಏನೋ ತಡೆಯುತ್ತಿರಲೇಬೇಕು. ಆ ವಾಯುಮಂಡಲದ ಶೇ. 96.5 ಭಾಗ ಇಂಗಾಲದ ಡೈಆಕ್ಸೈಡ್. ಅದು ನೆಲದಿಂದ ಹೊರಡುವ ಅವರಕ್ತ ಕಿರಣಗಳನ್ನು ಹಿಡಿಯುತ್ತದೆ. ಒತ್ತಡ ಹೆಚ್ಚಿದ್ದಷ್ಟೂ ಅದು ಹೀರುವ ತರಂಗಗಳ ಪಟ್ಟಿ ಅಗಲವಾಗುತ್ತದೆ. ಸಂದಿಯಲ್ಲಿ ನುಸುಳಬಹುದಾಗಿದ್ದ ಕಿರಣಗಳನ್ನು ಗಂಧಕದ ಡೈಆಕ್ಸೈಡ್, ಅಲ್ಪಸ್ವಲ್ಪ ನೀರಾವಿ ಮತ್ತು ಮೋಡಗಳು ತಡೆಯುತ್ತವೆ.

ಗ್ರಹ ಕೊನೆಗೆ ಬಾಹ್ಯಾಕಾಶಕ್ಕೆ ಶಾಖ ಬಿಡುವುದು ಮೋಡಗಳ ಮೇಲ್ಪದರದಿಂದ, ಸುಮಾರು 60–70 ಕಿ.ಮೀ. ಎತ್ತರದಲ್ಲಿ. ಅಲ್ಲಿ ನಾನು ಹೇಳಿದ ಆ ಮೈನಸ್ 40ರ ಆಸುಪಾಸೇ ಇದೆ. ಅಲ್ಲಿಂದ ಕೆಳಗೆ ಇಳಿಯುತ್ತ ಕಿಲೋಮೀಟರಿಗೆ ಸರಾಸರಿ ಎಂಟು ಡಿಗ್ರಿಯಂತೆ ಏರಿಸುತ್ತ ಬನ್ನಿ, ನೆಲ ಮುಟ್ಟುವಾಗ 460ರ ಹತ್ತಿರ ಬಂದಿರುತ್ತೀರಿ. ಇಳಿಯುವಾಗ ಏರುವ ಬಿಸಿಯಲ್ಲಿ ನಿಮ್ಮ ಒತ್ತಡದ ಪಾಲಿದೆ. ಆದರೆ ಶಾಖ ಬಿಡುವ ಆ ಪದರವನ್ನು ಅಷ್ಟು ಎತ್ತರಕ್ಕೆ ಏರಿಸಿ ಕೂರಿಸಿರುವುದು ಹಸಿರುಮನೆ ಅನಿಲ.

ಬೆಳ್ಳಿಚುಕ್ಕಿ
ಸಾರ್, ಸಿಲಿಂಡರಿನ ಮಾತು ಒಪ್ಪಿದೆ. ಹಾಗಾದರೆ ಅಲ್ಲಿದ್ದ ನೀರು ಎಲ್ಲಿ ಹೋಯಿತು?

ನಿವೃತ್ತ ಮೇಷ್ಟ್ರು
ಆವಿಯಾಗಿ ಮೇಲೇರಿತು, ಮೇಲೆ ನೇರಳಾತೀತ ಕಿರಣ ಅದನ್ನು ಒಡೆಯಿತು, ಹಗುರವಾದ ಜಲಜನಕ ಬಾಹ್ಯಾಕಾಶಕ್ಕೆ ಜಾರಿತು. ಭಾರವಾದ ಜಲಜನಕ, ಅಂದರೆ ಡ್ಯೂಟೀರಿಯಮ್, ಹೆಚ್ಚು ಉಳಿಯಿತು. 1978ರ ಪಯೋನಿಯರ್ ವೀನಸ್ ಅಳೆದಾಗ ಅದರ ಅನುಪಾತ ಭೂಮಿಯಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚಿತ್ತು. ಆ ನೀರು ಸಾಗರವಾಗಿ ನಿಂತಿತ್ತೋ, ಶುರುವಿನಿಂದಲೂ ಬರೀ ಆವಿಯಾಗಿತ್ತೋ ಎಂಬುದರಲ್ಲಿ ವಿಜ್ಞಾನಿಗಳೇ ಎರಡು ಪಂಗಡ.

ಕೆಂಗೇರಿ ರಘು
ಮೇಷ್ಟ್ರೇ, ಪಾಠ ಸೊಗಸಾಗಿದೆ. ಆದರೆ ನೀವು ಹೇಳಿದ್ದೆಲ್ಲ ನಲವತ್ತು ವರ್ಷದ ಹಿಂದೆಯೇ ತಿಳಿದದ್ದು. ನನ್ನ ಪ್ರಶ್ನೆಗೆ ಇದು ಉತ್ತರವಲ್ಲ.

ನನ್ನ ಕಸುಬು ಎಲೆಕ್ಟ್ರಾನಿಕ್ಸ್. ರೇಡಾರ್ ಚಿತ್ರ ತೆಗೆಯುವುದಕ್ಕಿಂತ ಅದನ್ನು ಭೂಮಿಗೆ ತಲುಪಿಸುವುದು ಕಷ್ಟ. ಶುಕ್ರ ತೀರಾ ಹತ್ತಿರ ಬಂದಾಗ ಸುಮಾರು 4 ಕೋಟಿ ಕಿ.ಮೀ., ಸೂರ್ಯನ ಆಚೆ ಬದಿಗೆ ಹೋದಾಗ ಸುಮಾರು 26 ಕೋಟಿ. ದೂರ ಆರು ಪಟ್ಟಿಗೂ ಹೆಚ್ಚಾದರೆ ಸಂಕೇತದ ಬಲ ಮೂವತ್ತಾರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿರುವ ಬ್ಯಾಲಾಳಿನ ಇಸ್ರೋದ 32 ಮೀಟರ್ ಆಂಟೆನಾ ಎಷ್ಟು ದತ್ತಾಂಶ ಹಿಡಿಯಬಲ್ಲದು? ಮೆಗೆಲನ್ನಿಗೆ ನಾಸಾದ 70 ಮೀಟರ್ ಆಂಟೆನಾಗಳ ಬೆಂಬಲವಿತ್ತು.

ಡಲ್ಲಾಸ್ ಕನ್ನಡಿಗ
ಮೆಗೆಲನ್ನಿನ ಕಥೆಯೇ ನಿಮಗೆ ಉತ್ತರ. ಅದರ 3.7 ಮೀಟರ್ ಆಂಟೆನಾ ವಾಯೇಜರ್ ಯೋಜನೆಯಲ್ಲಿ ಮಿಕ್ಕಿದ್ದು. ರೇಡಾರಿಗೂ ಅದೇ, ಭೂಮಿಯೊಂದಿಗೆ ಮಾತಿಗೂ ಅದೇ. ಪ್ರತಿ ಸುತ್ತಿನಲ್ಲೂ ನೆಲದ ಹತ್ತಿರ ಬಂದಾಗ ಒಂದು ಪಟ್ಟಿ ಚಿತ್ರ ತೆಗೆದು, ದೂರ ಹೋದಾಗ ಇಡೀ ನೌಕೆಯನ್ನೇ ತಿರುಗಿಸಿ ಭೂಮಿಗೆ ಕಳಿಸುತ್ತಿತ್ತು. ಮಿತಿ ಇದ್ದಾಗ ಹೀಗೆ ಹಂಚಿಕೊಂಡು ಕೆಲಸ ಮಾಡುವುದು ಗೊತ್ತಿರುವ ವಿದ್ಯೆ. ರೇಡಾರ್ ಕಟ್ಟುವುದರಲ್ಲಂತೂ ಇಸ್ರೋ ಹೊಸಬರಲ್ಲ. ಚಂದ್ರಯಾನ 2ರಲ್ಲಿ ಎಲ್ ಮತ್ತು ಎಸ್ ಬ್ಯಾಂಡ್ (ರೇಡಿಯೋ ತರಂಗಗಳ ಎರಡು ಪಟ್ಟಿಗಳು) ರೇಡಾರ್ ಹೋಗಿದೆ, 2025ರ ಜುಲೈನಲ್ಲಿ ಹಾರಿದ ನಾಸಾ-ಇಸ್ರೋ ಜಂಟಿ ಉಪಗ್ರಹ ನಿಸಾರ್‌ನ ಎಸ್ ಬ್ಯಾಂಡ್ ಭಾಗ ನಮ್ಮದೇ.

ಇನ್ನೊಂದು ಮಾತು. ಮಂಗಳನ ಸುತ್ತ ಹಲವು ದೇಶಗಳ ನೌಕೆಗಳಿವೆ, ನೆಲದ ಮೇಲೆ ರೋವರ್‌ಗಳು ಓಡಾಡುತ್ತಿವೆ. ಜಪಾನಿನ ಅಕಾತ್ಸುಕಿ 2024ರ ಏಪ್ರಿಲಿನಲ್ಲಿ ಮೌನವಾದ ಮೇಲೆ ಶುಕ್ರನ ಸುತ್ತ ಕೆಲಸ ಮಾಡುವ ಒಂದು ನೌಕೆಯೂ ಇಲ್ಲ. ಜನ ಇಲ್ಲದ ಕಡೆ ಅಂಗಡಿ ಇಡಬೇಡಿ ಎನ್ನುತ್ತೀರಾ?

ಕೆಂಗೇರಿ ರಘು
ನಾಸಾದ ವೆರಿಟಾಸ್, ಡಾವಿಂಚಿ, ಯುರೋಪಿನ ಎನ್ವಿಷನ್ ಎಂಬ ಮೂರು ಶುಕ್ರ ಯೋಜನೆಗಳೂ 2021ರಲ್ಲೇ ಆಯ್ಕೆಯಾಗಿವೆ. ಅವು ಬಂದರೆ ನಮ್ಮ ರೇಡಾರಿನ ಚಿತ್ರ ಎರಡನೇ ದರ್ಜೆಯಾಗುವುದಿಲ್ಲವೇ?

ಕಲ್ಲುಮಣ್ಣು
ಇಲ್ಲ. ಇಲ್ಲಿ ಚಿತ್ರದ ಸೂಕ್ಷ್ಮತೆಗಿಂತ ದಿನಾಂಕಕ್ಕೆ ಬೆಲೆ ಹೆಚ್ಚು. ಏಕೆಂದು ಹೇಳುತ್ತೇನೆ.

ಶುಕ್ರ ತನ್ನ ಸುತ್ತ ಒಮ್ಮೆ ತಿರುಗಲು 243 ದಿನ ಬೇಕು, ಅದೂ ಉಲ್ಟಾ ದಿಕ್ಕಿನಲ್ಲಿ. ಮೆಗೆಲನ್ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿದ್ದಾಗ ಗ್ರಹ ಅದರ ಕೆಳಗೆ ನಿಧಾನವಾಗಿ ಹೊರಳುತ್ತಿತ್ತು. ಹಾಗಾಗಿ ಒಂದು ಜಾಗ ಮತ್ತೆ ಕಣ್ಣಿಗೆ ಬೀಳಲು ಎಂಟು ತಿಂಗಳು. ಮಾತ್ ಮಾನ್ಸ್ ಎಂಬ ದೊಡ್ಡ ಜ್ವಾಲಾಮುಖಿಯ ಬಳಿಯ ಒಂದು ಬಾಯಿಯನ್ನು ಅದು 1991ರ ಫೆಬ್ರವರಿಯಲ್ಲಿ ನೋಡಿತ್ತು, ಮತ್ತೆ ಅಕ್ಟೋಬರಿನಲ್ಲಿ ನೋಡಿತು. ಮೊದಲ ಚಿತ್ರದಲ್ಲಿ ಸುಮಾರು 2.2 ಚದರ ಕಿ.ಮೀ.ಗಳ ದುಂಡನೆಯ ಕುಳಿ. ಎರಡನೆಯದರಲ್ಲಿ ಆಕಾರ ಕೆಟ್ಟು ಸುಮಾರು 4 ಚದರ ಕಿ.ಮೀ. ಆಗಿತ್ತು, ಒಳಗೆ ಲಾವಾ ತುಂಬಿದಂತೆಯೂ ಇತ್ತು. ಆ ಎರಡು ಚಿತ್ರಗಳು ಮೂವತ್ತು ವರ್ಷ ಕಡತದಲ್ಲೇ ಇದ್ದವು. ರಾಬರ್ಟ್ ಹೆರಿಕ್ ಮತ್ತು ಸ್ಕಾಟ್ ಹೆನ್ಸ್ಲಿ ಅವುಗಳನ್ನು ಪಕ್ಕಪಕ್ಕ ಇಟ್ಟು 2023ರಲ್ಲಿ ಪ್ರಕಟಿಸಿದಾಗ ಶುಕ್ರನ ಜ್ವಾಲಾಮುಖಿಗಳು ಇನ್ನೂ ಜೀವಂತ ಎಂಬುದಕ್ಕೆ ನೇರ ಸಾಕ್ಷಿ ಸಿಕ್ಕಿತು. ಮರುವರ್ಷ ಸಿಫ್ ಮಾನ್ಸ್ ಮತ್ತು ನಿಯೋಬೆ ಬಯಲಿನಲ್ಲೂ ಹೊಸ ಲಾವಾ ಹರಿವುಗಳ ಗುರುತು ಬೇರೆಯವರಿಗೆ ಕಂಡಿತು.

ಮೆಗೆಲನ್ ಬಳಸಿದ್ದು ಎಸ್ ಬ್ಯಾಂಡ್, ನಾವು ಒಯ್ಯುವುದೂ ಎಸ್ ಬ್ಯಾಂಡ್, ಹಾಗಾಗಿ ಹಳೆಯ ಚಿತ್ರವನ್ನೂ ಹೊಸದನ್ನೂ ಹೋಲಿಸಬಹುದು. ನಡುವೆ ಮೂರೂವರೆ ದಶಕಗಳಿಗೂ ಹೆಚ್ಚು ಕಾಲ. ಎಂಟು ತಿಂಗಳಲ್ಲೇ ಒಂದು ಬಾಯಿ ಇಷ್ಟು ಬದಲಾಗಿದ್ದರೆ ಇಷ್ಟು ವರ್ಷಗಳಲ್ಲಿ ಎಷ್ಟು ಬದಲಾಗಿರಬೇಡ?

ಬೆಳ್ಳಿಚುಕ್ಕಿ
ಎರಡು ಚಿತ್ರಗಳನ್ನು ಬೇರೆ ಬೇರೆ ಕೋನದಿಂದ ತೆಗೆದಿದ್ದರೆ ಆಕಾರ ಬದಲಾದಂತೆ ಕಾಣುವುದಿಲ್ಲವೇ?

ಕಲ್ಲುಮಣ್ಣು
ಭೇಷ್. ಕೋನ ಬೇರೆಯೇ ಇತ್ತು, ನೌಕೆ ಎದುರು ಬದಿಗಳಿಂದ ನೋಡಿತ್ತು. ಅದಕ್ಕೇ ಅವರು ಬೇರೆ ಬೇರೆ ಆಕಾರದ ಕುಳಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಆ ಕೋನಗಳಿಂದ ರೇಡಾರಿಗೆ ಹೇಗೆ ಕಾಣುತ್ತವೆ ಎಂದು ಪರೀಕ್ಷಿಸಿದರು. ಕುಳಿ ಬದಲಾಗದೆ ಆ ಎರಡನೇ ಚಿತ್ರ ಬರುವುದು ಸಾಧ್ಯವಿಲ್ಲ ಎನ್ನುವ ತೀರ್ಮಾನಕ್ಕೆ ಬಂದರು.

ಇದರ ಹಿಂದೆ ಹಳೆಯ ಜಗಳವೊಂದಿದೆ. ಶುಕ್ರನಲ್ಲಿ ಉಲ್ಕಾಕುಳಿಗಳು ಸಾವಿರದ ಆಸುಪಾಸು ಮಾತ್ರ, ಇಡೀ ಗೋಳದ ಮೇಲೆ ಹೆಚ್ಚುಕಡಿಮೆ ಸಮವಾಗಿ ಚೆಲ್ಲಿಕೊಂಡಿವೆ. ಅಂದರೆ ನೆಲಕ್ಕೆ ಹೆಚ್ಚು ವಯಸ್ಸಿಲ್ಲ, ಕೆಲವು ನೂರು ದಶಲಕ್ಷ ವರ್ಷ ಅಷ್ಟೆ. ಒಂದೇ ಮಹಾಪ್ರವಾಹದಲ್ಲಿ ಲಾವಾ ಎಲ್ಲವನ್ನೂ ಮುಚ್ಚಿತೇ, ಅಥವಾ ಅಲ್ಲಿಷ್ಟು ಇಲ್ಲಿಷ್ಟು ಎಂದು ಹರಿಯುತ್ತಲೇ ಇದೆಯೇ? ನಾನು ಎರಡನೆಯದರ ಕಡೆ. ಇದನ್ನು ತೀರ್ಮಾನಿಸಲು ಹೊಸ ಚಿತ್ರ ಬೇಕೇ ಬೇಕು. (ಹೆಸರುಗಳ ಕುತೂಹಲವಿರುವವರಿಗೆ: ಅಲ್ಲಿನ ಉತ್ತರದಲ್ಲಿ ಲಕ್ಷ್ಮೀ ಪ್ರಸ್ಥಭೂಮಿ ಇದೆ, ಅದರ ಅಂಚಿನಲ್ಲೇ 11 ಕಿ.ಮೀ. ಎತ್ತರದ ಮ್ಯಾಕ್ಸ್‌ವೆಲ್ ಪರ್ವತ. ಹೆಂಗಸರ ಹೆಸರಿನ ಗ್ರಹದಲ್ಲಿ ಈ ಗಂಡಸು ಹೇಗೋ ನುಸುಳಿಕೊಂಡ. ವೈದ್ಯೆ ಆನಂದಿಬಾಯಿ ಜೋಶಿಯವರ ಹೆಸರಿನ ಕುಳಿಯೂ ಉಂಟು.)

ಗದಗಿನವ
ಅಲ್ಲಿ ಜೀವಿಗಳಿವೆ ಎಂದು ಟಿ.ವಿ.ಯಲ್ಲಿ ಕೂಗಾಡಿದ್ದರಲ್ಲ, ಅದೇನಾಯಿತು?

ಡಲ್ಲಾಸ್ ಕನ್ನಡಿಗ
2020ರ ಫಾಸ್ಫೀನ್ ಗಲಾಟೆ ಅದು; ಭೂಮಿಯಲ್ಲಿ ಕೆಲವು ಜೀವಿಗಳಿಂದ ಬರುವ ಅನಿಲ, ಶುಕ್ರನ ಮೋಡಗಳಲ್ಲಿ ಕಂಡಿತು ಎಂದಿದ್ದರು. ಮೊದಲು ನೂರು ಕೋಟಿಗೆ 20 ಕಣ ಎಂದರು, ದತ್ತಾಂಶ ಸರಿಪಡಿಸಿದ ಮೇಲೆ ಅಂಕಿ ಕುಸಿಯಿತು, ಬೇರೆ ದೂರದರ್ಶಕಗಳಿಗೆ ಸಿಗಲೇ ಇಲ್ಲ. ವಾದ ಇನ್ನೂ ನಿಂತಿಲ್ಲ. ನನಗೆ ಅದಕ್ಕಿಂತ ಕುತೂಹಲ ಆ ಎತ್ತರದ ಹವೆಯ ಬಗ್ಗೆ. 50–55 ಕಿ.ಮೀ. ಮೇಲೆ ಒತ್ತಡ ನಮ್ಮಂತೆಯೇ, ಬಿಸಿಯೂ ತಡೆಯುವಷ್ಟು. 1985ರಲ್ಲಿ ಸೋವಿಯತ್ ಒಕ್ಕೂಟದ ವೆಗಾ ನೌಕೆಗಳು ಅಲ್ಲಿ ಎರಡು ಬಲೂನು ಬಿಟ್ಟವು, ಒಂದೊಂದೂ ಸುಮಾರು 46 ತಾಸು ತೇಲುತ್ತ ಮಾಹಿತಿ ಕಳಿಸಿತು. ಅಲ್ಲಿನ ಮೋಡಗಳು ನಾಲ್ಕೇ ದಿನದಲ್ಲಿ ಗ್ರಹವನ್ನು ಸುತ್ತುತ್ತವೆ.

ಕೆಂಗೇರಿ ರಘು
ನೋಡಿ, ಇದನ್ನೇ ನಾನು ಕೇಳುತ್ತಿರುವುದು! ಅಷ್ಟು ಹಣ ಕೊಟ್ಟವರು ಒಂದು ಬಲೂನನ್ನಾದರೂ ಇಳಿಸಬಾರದೇ? ರಷ್ಯನ್ನರು ಸ್ಲೈಡ್ ರೂಲ್ ಕಾಲದಲ್ಲಿ ಇಳಿದರು. ಹೊರಡುವ ಮುನ್ನ ಒಳಭಾಗವನ್ನು ಸೊನ್ನೆಗಿಂತ ಕೆಳಗೆ ತಂಪು ಮಾಡಿ, 50 ಕಿ.ಮೀ. ಎತ್ತರದಲ್ಲೇ ಪ್ಯಾರಾಚೂಟ್ ಬಿಚ್ಚಿ ಎಸೆದು, ದಪ್ಪ ಗಾಳಿಯಲ್ಲೇ ತೇಲಿ ನೆಲ ಮುಟ್ಟಿದರು. ವೆನೆರಾ 14ರ ಮಣ್ಣು ಪರೀಕ್ಷಿಸುವ ಕೈ ಕ್ಯಾಮೆರಾದಿಂದ ಬಿದ್ದ ಮುಚ್ಚಳದ ಮೇಲೆಯೇ ಕೂತು, ಶುಕ್ರನ ಮಣ್ಣಿನ ಬದಲು ರಷ್ಯದ ಮುಚ್ಚಳವನ್ನು ಅಳೆಯಿತಂತೆ. ಎಡವಿದರೂ ಇಳಿದರಲ್ಲ! ನಾಸಾ ಪ್ರಯೋಗಾಲಯದಲ್ಲಿ ಸಿಲಿಕಾನ್ ಕಾರ್ಬೈಡ್ ಚಿಪ್‌ಗಳು ಶುಕ್ರನ ಹವೆಯಲ್ಲೇ ಮೂರು ವಾರ ನಡೆದಿವೆ. 127 ನಿಮಿಷದ ದಾಖಲೆ ಮುರಿಯಬೇಕೆಂದರೆ ಹಣ ಹಾಕಬೇಕಾದದ್ದು ಅಲ್ಲಿ.

ನಿವೃತ್ತ ಮೇಷ್ಟ್ರು
ರಘು, ಬೆಳಿಗ್ಗೆ ಮಂಗಳನಿಗೆ ಹೋಗಿ ಎಂದಿರಿ, ಈಗ ಶುಕ್ರನ ಮೇಲೆಯೇ ಇಳಿಯಿರಿ ಎನ್ನುತ್ತಿದ್ದೀರಿ. ಚಂದ್ರನಲ್ಲಿ ಮೊದಲು ಸುತ್ತಿ, ಎರಡನೇ ಸಲ ಬಿದ್ದು, ಮೂರನೇ ಸಲ ಇಳಿದವರು ನಾವು.

ಕೆಂಗೇರಿ ರಘು
ಮಂಗಳನೇ ಮೊದಲು ಎನ್ನುವ ಮಾತಿನಿಂದ ನಾನು ಹಿಂದೆ ಸರಿದಿಲ್ಲ. ಶುಕ್ರನಿಗೇ ಹೋಗುವುದಾದರೆ ಹೇಗೆ ಹೋಗಬೇಕು ಎಂದು ಹೇಳಿದೆ. ಕಲ್ಲುಮಣ್ಣು ಅವರ ಆ ಎರಡು ಚಿತ್ರಗಳ ಮಾತಿಗೆ ಮಾತ್ರ ನನ್ನಲ್ಲಿ ಪ್ರತಿವಾದವಿಲ್ಲ. ಆದರೆ ಅದಕ್ಕೂ ಒಂದು ಷರತ್ತಿದೆ: ಮೆಗೆಲನ್ ದತ್ತಾಂಶ ಎಲ್ಲರಿಗೂ ತೆರೆದಿದ್ದಕ್ಕೆ ತಾನೇ ಮೂವತ್ತು ವರ್ಷದ ಮೇಲೂ ಯಾರೋ ಅದನ್ನು ಮತ್ತೆ ಕೆದಕಿದ್ದು? ನಮ್ಮ ರೇಡಾರ್ ಚಿತ್ರಗಳು ಎಷ್ಟು ಬೇಗ ಹೊರಬರುತ್ತವೆ?

ಕಲ್ಲುಮಣ್ಣು
ಮಂಗಳಯಾನ 2014ರ ಸೆಪ್ಟೆಂಬರಿನಲ್ಲಿ ಕಕ್ಷೆ ಸೇರಿತು, ಮೊದಲ ವರ್ಷದ ದತ್ತಾಂಶ 2016ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಚಂದ್ರಯಾನ 2ರ ದತ್ತಾಂಶವೂ ಜಾಲತಾಣದಲ್ಲಿದೆ, ನಮ್ಮ ವಿದ್ಯಾರ್ಥಿಗಳು ಬಳಸುತ್ತಿದ್ದಾರೆ. ಶುಕ್ರನ ವಿಷಯದಲ್ಲಿ ಎರಡು ವರ್ಷ ಕಾಯಿಸಿದರೆ ತಡವೆಂದೇ ನಾನೂ ಹೇಳುತ್ತೇನೆ. ಲಾವಾ ಹರಿಯುತ್ತಿರುವುದು ಕಂಡರೆ ಮುಂದಿನ ಸುತ್ತಿನಲ್ಲಿ ಅಲ್ಲಿಗೇ ಗುರಿಯಿಡಬೇಕಾಗುತ್ತದೆ, ಅದಕ್ಕೆ ಹೊರಗಿನ ಕಣ್ಣುಗಳೂ ಬೇಕು.

ಕೆಂಗೇರಿ ರಘು
ಆರು ತಿಂಗಳು. ಅಷ್ಟಕ್ಕೆ ಒಪ್ಪಿದರೆ 1236 ಕೋಟಿಯ ಬಗ್ಗೆ ನನ್ನ ತಕರಾರನ್ನು ಅರ್ಧ ವಾಪಸು ತೆಗೆದುಕೊಳ್ಳುತ್ತೇನೆ. ಉಳಿದರ್ಧ ಬಲೂನಿನದು.

ಗದಗಿನವ
618 ಕೋಟಿ ಉಳಿಯಿತಲ್ಲ, ಕೆರೆಗೆ ಕಳಿಸಿ.